ಕಂಬಳಿ ಪಟ್ಟಿಗೆ ಹಾಕಿದ ಸಹಿ

ಮೊನ್ನೆ ಸೋಮವಾರ ಚಿಕ್ಕಮಗಳೂರಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಒಂದು ಕಾಗದ ಎತ್ತಿ ಹಿಡಿದು, "ಈ ಸಹಿ ಯಾರದ್ದು?" ಎಂದು ಕೇಳಿದರು.

ದೂರದಿಂದಲೇ ನನಗೆ ಗುರುತು ಸಿಕ್ಕಿತು. ದ್ಯಾವಮ್ಮ. ಮೊದಲಕ್ಷರ ಗುಡಾಣದಷ್ಟು ದೊಡ್ಡದು, ಕಡೆಯದು ಕೆಳಗೆ ಜಾರಿದ್ದು. "ನಂದೇ ಸ್ವಾಮಿ" ಎಂದು ಎದ್ದು ನಿಂತೆ. ಹೆಮ್ಮೆಯಿಂದಲೇ ನಿಂತೆ. (ಕೋರ್ಟಿನಲ್ಲಿ ಹೆಮ್ಮೆಪಟ್ಟ ಕತ್ತೆ ನಾನೊಬ್ಬಳೇ ಇರಬೇಕು.)

ಕೇಸು ಚೆನ್ನಿಯದ್ದು. ಆಲ್ದೂರಿನ ಹತ್ತಿರದ ನಮ್ಮ ಎಸ್ಟೇಟಿನಲ್ಲಿ, ಕೂಲಿ ಲೈನಿನಲ್ಲಿ, ನನ್ನ ಪಕ್ಕದ ಮನೆಯವಳು. ಈ ಸಲದ ಕಾಫಿ ಕುಯ್ಲಿನಲ್ಲಿ ಅವಳ ಕೈಯಿಂದ ಗಿಡದ ಒಂದು ಕೊಂಬೆ ಮುರಿಯಿತು. ಎಸ್ಟೇಟಿನ ಬಿಳಿ ದೊರೆ ಬೆತ್ತ ಬೀಸಿದ. ಎಡಗಣ್ಣು ಹೋಯಿತು. ಸಾಲಿನಲ್ಲಿದ್ದ ಹೆಂಗಸರೆಲ್ಲ ನೋಡಿದ್ದೇವೆ. ಕಾಫಿ ಗಿಡಕ್ಕೆ ಮುಂದಿನ ವರ್ಷ ಬೇರೆ ಕೊಂಬೆ ಬರುತ್ತದೆ.

ಪೇಟೆಯ ವಕೀಲರೊಬ್ಬರು ದೂರು ಬರೆದುಕೊಟ್ಟರು. ಮ್ಯಾಜಿಸ್ಟ್ರೇಟರು ಸಮನ್ಸು ಕಳಿಸಿದರು. ದೊರೆಗೆ ಸಮನ್ಸು! ಲೈನಿನಲ್ಲಿ ಯಾರೂ ನಂಬಲಿಲ್ಲ. ಚೆನ್ನಿ ಕೇಳಿದ್ದು ಒಂದೇ. "ಹೋದ ಕಣ್ಣು ಬರಲ್ಲ ದ್ಯಾವತ್ತೆ. ಅವ್ನು ಒಂದ್ ದಿನ ನಮ್ಮೆಲ್ಲರ ಎದ್ರು ಕಟಕಟೇಲಿ ನಿಂತ್ರೆ ಸಾಕು ನಂಗೆ."

ಜಾಸ್ತಿ ಕೇಳಿದಳೇ?

ಈ ಸೀಮೆ ನಮ್ಮ ಮಹಾರಾಜರದ್ದು. ಕೋರ್ಟೂ ಅವರದ್ದೇ. ದೊರೆ ಪರದೇಶದವನು. ಆದರೆ ಪರದೇಶದವನ ಬೆನ್ನಿಗೆ ಜನ ಇರುತ್ತಾರೆ. ಇಂಗ್ಲಿಷ್ ಸರ್ಕಾರದ ಪರವಾಗಿ ಬೆಂಗಳೂರಿನಲ್ಲಿ ಕೂತಿರುವ ದೊಡ್ಡ ಸಾಹೇಬರೊಬ್ಬರು ನಮ್ಮ ಸರ್ಕಾರಕ್ಕೆ ಪತ್ರ ಬರೆದರು. ಆಜ್ಞೆ ಅಲ್ಲ, ವಿನಂತಿ. "ನಮ್ಮ ಪ್ರಜೆಯ ಕೇಸನ್ನು ದಯಮಾಡಿ ಬೆಂಗಳೂರಿಗೆ ಕಳಿಸಿಕೊಡಿ, ಅಲ್ಲಿ ನಮ್ಮ ಬಿಳಿಯ ಮ್ಯಾಜಿಸ್ಟ್ರೇಟರೇ ವಿಚಾರಿಸಲಿ" ಎಂದು. ಎಂಥ ಮರ್ಯಾದೆಯ ಮಾತು! ನಮ್ಮ ಲೈನಿಗೆ ಒಂದು ಬಾವಿ ತೋಡಿಸಿಕೊಡಿ ಎಂದು ನಾವೂ ವಿನಂತಿ ಮಾಡಿದ್ದೇವೆ. ಮೂರು ಮಳೆಗಾಲ ಕಳೆಯಿತು. ಇನ್ನೂ ಹಳ್ಳದ ನೀರೇ ಹೊರುತ್ತಿದ್ದೇವೆ.

ಸಾಹೇಬರ ಪತ್ರದ ಜೊತೆ ಒಂದು ಅರ್ಜಿಯೂ ಇತ್ತು. ಕೂಲಿಯವರಾದ ನಮ್ಮ ಇಷ್ಟವೂ ಇದೇ, ದೊರೆಗಳ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ, ಕೇಸು ಬೆಂಗಳೂರಿಗೇ ಹೋಗಲಿ ಎಂದು. ಕೆಳಗೆ ಎಲ್ಲ ಹೆಂಗಸರ ಹೆಬ್ಬೆಟ್ಟು. ಅದರಲ್ಲಿ ಚೆನ್ನಿಯದ್ದೂ ಒಂದು. ಎಲ್ಲಕ್ಕಿಂತ ಮೇಲೆ ನನ್ನ ಸಹಿ.

ಇದು ಹೇಗಾಯಿತು ಕೇಳಿ.

ಮಳೆಗಾಲಕ್ಕೆ ಮುಂಚೆ ಎಸ್ಟೇಟಿನಲ್ಲಿ ಕಂಬಳಿ ಕೊಡುತ್ತಾರೆ. ಮೊದಲು ಪಟ್ಟಿಗೆ ಹೆಬ್ಬೆಟ್ಟು, ಆಮೇಲೆ ಕಂಬಳಿ. ಎಷ್ಟೋ ವರ್ಷದ ವಾಡಿಕೆ. ಹದಿನೈದು ದಿನದ ಹಿಂದೆ, ಬೆಳಗ್ಗೆ ಹೆಸರು ಕೂಗಿ ಹಾಜರಿ ಹಿಡಿದ ಮೇಲೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಾಗದ, ಶಾಯಿ ಹಿಡಿದು ಬಂದರು.

"ಎಂತದ್ದು ರೈಟ್ರೇ, ಕಂಬಳಿ ಪಟ್ಟಿಯಾ?" ಎಂದೆ.

"ಮತ್ತೆಂತದ್ದು ಈ ತಿಂಗ್ಳಲ್ಲಿ? ಮೊದ್ಲು ನೀವು ಸಹಿ ಹಾಕಿ ದ್ಯಾವಮ್ಮ. ಲೈನಲ್ಲಿ ಓದು ಬಲ್ಲೋರು ನೀವೊಬ್ರೇ ಅಲ್ವಾ!"

"ಓದಿ ಹಾಕ್ತೀಯೇನೇ ಮಾರಾಯ್ತಿ? ಅಷ್ಟೊತ್ತಿಗೆ ಮಳೆಗಾಲ ಮುಗ್ದು ಹೋಗ್ತದೆ!" ಎಂದಳು ಹಿಂದೆ ನಿಂತಿದ್ದ ರಂಗಿ. ಎಲ್ಲರೂ ನಕ್ಕರು.

ಅವಳು ಹೇಳಿದ್ದು ಸುಳ್ಳಲ್ಲ. ನಾನು ಅಕ್ಷರ ಕಲಿತದ್ದು ಕೂದಲು ನರೆತ ಮೇಲೆ. (ಪತ್ರಿಕೆಗೆ ಈ ಅಂಕಣ ಬರೆಯಲು ಎರಡು ದಿನ ಬೇಕು. ಅಚ್ಚಾದ ಮೇಲೆ ಓದಲು ಮೂರು.) ಅಷ್ಟು ಜನರ ಎದುರು ಒಂದೊಂದೇ ಅಕ್ಷರ ತಡವರಿಸಲು ನಾಚಿಕೆಯಾಯಿತು. ಸರಸರ ಓದಿದವಳ ಹಾಗೆ ಕಾಗದದ ಮೇಲೆ ಕಣ್ಣಾಡಿಸಿ, ತಲೆ ಆಡಿಸಿ, ಸಹಿ ಹಾಕಿದೆ. ದ್ಯಾವತ್ತೆ ಓದಿದಳಲ್ಲ ಎಂದು ಚೆನ್ನಿ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಉಳಿದವರು.

ಕೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಂಬಳಿ ಪಟ್ಟಿ ಅಂದುಕೊಂಡೆವು, ಓದಲಿಲ್ಲ ಎಂದು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. ಮನುಷ್ಯ ಕೆಟ್ಟವರಲ್ಲ.

"ಬರೀ ಹೆಬ್ಬೆಟ್ಟೇ ಇದ್ದಿದ್ರೆ, ಓದೋಕೆ ಬಾರದವ್ರು, ಮೋಸ ಹೋದ್ರು ಅಂತ ನಾನು ಮೇಲಕ್ಕೆ ಬರೀಬಹುದಿತ್ತಮ್ಮ. ಸಹಿ ಇದೆಯಲ್ಲ. ಬರೆಯೋಕೆ ಬರತ್ತೆ, ಓದೋಕೆ ಆಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ.

ಕೇಸು ಬೆಂಗಳೂರಿಗೆ ಹೋಯಿತು. ಚೆನ್ನಿ ಆಲ್ದೂರು ದಾಟಿ ಚಿಕ್ಕಮಗಳೂರು ಕಂಡದ್ದೇ ಈ ಕೇಸಿನಿಂದ. ಅವಳು ಬೆಂಗಳೂರಿಗೆ ಹೋಗುವುದುಂಟೇ? ಇಷ್ಟು ಹೆಂಗಸರು ಕೆಲಸ ಬಿಟ್ಟು ಸಾಕ್ಷಿ ಹೇಳಲು ಹೋಗುವುದುಂಟೇ? ಸಾಹೇಬರಿಗೂ ಅದು ಗೊತ್ತು. ಅದಕ್ಕೇ ಅಷ್ಟು ಮರ್ಯಾದೆಯಾಗಿ ಕೇಳಿದರು.

ಕೋರ್ಟಿನಿಂದ ಬರುವ ದಾರಿಯಲ್ಲಿ ಚೆನ್ನಿ ಮುಂದೆ ಮುಂದೆ ನಡೆದಳು. ಲೈನಿನ ಹತ್ತಿರ ಬಂದಾಗ, "ನೀವು ಓದಿದ್ರಿ ಅಂದ್ಕೊಂಡಿದ್ದೆ" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ ದೊರೆ ಎಂದಿನ ಹಾಗೆ ಕುದುರೆಯ ಮೇಲೆ ತೋಟಕ್ಕೆ ಬಂದ. ಕೈಯಲ್ಲಿ ಅದೇ ಬೆತ್ತ.

ಶನಿವಾರ ರೈಟರು ಮತ್ತೆ ಕಾಗದ ತಂದರು. ಯಾರೂ ಬೆರಳು ಚಾಚಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. "ಕೊಡಿ ಇಲ್ಲಿ" ಎಂದು ಇಸಕೊಂಡು, ಕಲ್ಲಿನ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಬಿಸಿಲು ನೆತ್ತಿಗೆ ಬಂತು. ರೈಟರು ಹಲ್ಲು ಕಡಿದರು. ಕಡಿಯಲಿ. (ಇದು ಅಚ್ಚಾದ ಮೇಲೆ ನನ್ನನ್ನು ಲೈನಿನಿಂದ ಓಡಿಸುತ್ತಾರೆ. ಓಡಿಸಲಿ.) ಈ ಸಲ ಮೋಸವಿರಲಿಲ್ಲ, ನಿಜವಾದ ಕಂಬಳಿ ಪಟ್ಟಿಯೇ. ಮೊದಲ ಹೆಸರಿನಿಂದ ಕಡೆಯ ಹೆಸರಿನವರೆಗೆ ಎರಡು ಸಲ ಓದಿದೆ.

ಚೆನ್ನಿಯ ಹೆಸರು ಮಾತ್ರ ಇರಲಿಲ್ಲ. ಈಗ ಹೇಳಿ, ಓದಿ ಏನು ಕಡಿದು ಕಟ್ಟೆ ಹಾಕಿದೆ?