ಹೊಂಗೆ ಹೂ ಉದುರಿದ ಸೋಮವಾರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕ್ಯಾಲೆಂಡರು ಇರಲಿಲ್ಲ, ಅಕ್ಕ ಇದ್ದಳು. ಯಾವ ಮರ ಎಲೆ ಉದುರಿಸಿತು, ಯಾವುದು ಚಿಗುರಿತು, ಬೇವು ಮೊಗ್ಗಾಯಿತೇ, ಮಾವು ಮಿಡಿ ಕಚ್ಚಿತೇ, ಎಲ್ಲವೂ ಮೊದಲು ಅವಳ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆ ಬಾವಿಗೆ ಹೋದವಳು ಬಿಂದಿಗೆ ಇಳಿಸುವ ಮೊದಲೇ ಸುದ್ದಿ ಹೇಳುವಳು: "ಅರಳಿಮರ ಚಿಗುರೈತೆ ಕಣವ್ವ, ತಾಮ್ರದ್ ಚೆಂಬು ಬೆಳಗಿಟ್ಟಂಗೈತೆ." ಅವ್ವ ಒಲೆ ಊದುತ್ತಲೇ, "ಅದ್ರಿಂದ ಹಿಟ್ಟು ಬೇಯ್ತದೇನೇ?" ಅನ್ನುವಳು.

ನಮ್ಮೂರು ಗುಬ್ಬಿ ತಾಲ್ಲೂಕಿಗೆ ಸೇರಿದ್ದು. ನಾನು ಊರಿನ ಸಣ್ಣ ಶಾಲೆಯಲ್ಲಿದ್ದೆ. ಅಕ್ಕ ದಿನವೂ ನಡೆದುಕೊಂಡು ಗುಬ್ಬಿಯ ಶಾಲೆಗೆ ಹೋಗಿ ಏಳನೇ ಕ್ಲಾಸು ಓದುತ್ತಿದ್ದಳು. ನಮ್ಮ ಊರಿನಿಂದ ಅಲ್ಲಿಗೆ ಹೋಗುತ್ತಿದ್ದ ಹುಡುಗಿ ಅವಳೊಬ್ಬಳೇ. ಏಳನೇ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. ಅದನ್ನು ಪಾಸು ಮಾಡಿದರೆ ಹೈಸ್ಕೂಲು, ಇಲ್ಲದಿದ್ದರೆ ಮನೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಹೈಸ್ಕೂಲಿನ ಬಾಗಿಲು ದಾಟಿರಲಿಲ್ಲ.

ಸಂಕ್ರಾಂತಿ ಕಳೆಯಿತೆಂದರೆ ನಮಗೆ ಹುಣಸೆ ಕಾಲ. ಅಪ್ಪ ಕುಣಿಗಲ್ ಕಡೆಯ ಒಂದು ತೋಪಿನಲ್ಲಿ ಹುಣಸೆಹಣ್ಣು ಉದುರಿಸುವ ಕೆಲಸ ಹಿಡಿಯುತ್ತಿದ್ದ. ಮನೆಮಂದಿಯೆಲ್ಲ ಅಲ್ಲೇ ಗುಡಿಸಲು ಹಾಕಿಕೊಂಡು ಯುಗಾದಿಯವರೆಗೆ ಇರಬೇಕು. ಗಂಡಸರು ಮರ ಹತ್ತುವುದು, ಹೆಂಗಸರು ಮಕ್ಕಳು ಕೆಳಗೆ ಕೂತು ಸಿಪ್ಪೆ ಬಿಡಿಸಿ, ನಾರು ಎಳೆದು, ಬೀಜ ಕುಟ್ಟಿ ತೆಗೆಯುವುದು. ಆ ವರ್ಷ ಅಕ್ಕನನ್ನು ಶಾಲೆ ಬಿಡಿಸಿ ಕರೆದುಕೊಂಡು ಹೊರಟಾಗ ಮೇಷ್ಟ್ರಿಗೆ ಹೇಳಿಬರಲು ಅಪ್ಪ ಗುಬ್ಬಿಗೆ ಹೋಗಿದ್ದ. ಮೇಷ್ಟ್ರು ಬೈದರಂತೆ. ಕೊನೆಗೆ, "ಪರೀಕ್ಷೆ ಹೊತ್ತಿಗಾದರೂ ಕರಕೊಂಡು ಬಾರಯ್ಯ. ಹೋದ ವರ್ಷ ಯಾವಾಗಿತ್ತೋ ಈ ವರ್ಷವೂ ಆವಾಗಲೇ" ಅಂದರಂತೆ. ಅಪ್ಪನಿಗೆ ಅಷ್ಟು ಸಾಕಾಗಿತ್ತು. ಹೋದ ವರ್ಷ ಏಳನೆಯವರ ಪರೀಕ್ಷೆ ಶುರುವಾಗಿದ್ದು ಯುಗಾದಿ ಕಳೆದ ಸೋಮವಾರ. ಅದು ಅವನಿಗೆ ಚೆನ್ನಾಗಿ ನೆನಪಿತ್ತು.

ತೋಪಿನಲ್ಲಿ ಅಕ್ಕ ಒಂದು ಕೈಯಲ್ಲಿ ಕೊಡತಿ ಹಿಡಿದು ಬೀಜ ಕುಟ್ಟುತ್ತಾ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಹಾಳೆಗಳೆಲ್ಲ ಹುಣಸೆ ರಸಕ್ಕೆ ಅಂಟಿಕೊಂಡು ಕಂದುಬಣ್ಣಕ್ಕೆ ತಿರುಗಿದ್ದವು. ನಮ್ಮ ಬೆರಳುಗಳು ಹುಳಿಗೆ ಬಿರಿದು, ಉಪ್ಪು ತಗುಲಿದರೆ ಉರಿಯುತ್ತಿದ್ದವು. ಅಷ್ಟರ ನಡುವೆಯೂ ಅವಳು ತಲೆಯೆತ್ತಿ ಸುತ್ತ ನೋಡುವುದನ್ನು ಬಿಡಲಿಲ್ಲ. ಒಂದು ದಿನ ಎದ್ದು ನಿಂತು ಮರದ ಮೇಲಿದ್ದ ಅಪ್ಪನನ್ನು ಕೂಗಿದಳು.

"ಅಪ್ಪೋ, ಹೋದ್ ವರ್ಷ ಹಬ್ಬಕ್ಕೆ ಬೇವಿನ್ ಹೂ ಕೀಳಕ್ಕೋದ್ರೆ ಬರೀ ಮೊಗ್ಗಿತ್ತು. ಹೊಂಗೆನೂ ಎಳೇ ಚಿಗುರು. ಈಗ ಹಂಗೇ ಆಗೈತೆ ನೋಡು. ಪರೀಕ್ಷೆ ಬಂದಂಗೈತೆ ಕಣಪ್ಪೋ, ಊರಿಗೆ ಹೋಗಾನ."

ಅಪ್ಪ ಕೊಂಬೆ ಅಲ್ಲಾಡಿಸುತ್ತಾ ಮೇಲಿನಿಂದಲೇ ಹೇಳಿದ: "ಹಬ್ಬಾನೇ ಬಂದಿಲ್ಲ, ಪರೀಕ್ಷೆ ಎಲ್ಲಿಂದ ಬತ್ತದೆ ಕಣೇ? ಮರ ಏನ್ ಪಂಚಾಂಗ ಓದೈತಾ? ಕುಟ್ಟು ಕುಟ್ಟು, ಕೈ ನಿಲ್ಲಿಸ್ಬೇಡ."

ಪಕ್ಕದಲ್ಲಿ ಕೂತಿದ್ದ ಹೆಂಗಸರು ನಕ್ಕರು. "ಇವ್ಳು ಜೋಯಿಸ್ರ ಮನೇಲಿ ಹುಟ್ಬೇಕಿತ್ತು" ಅಂತ ಒಬ್ಬಳು. ಅಕ್ಕ ಕೂತು ಮತ್ತೆ ಕುಟ್ಟತೊಡಗಿದಳು.

ಹಬ್ಬಕ್ಕೆ ಊರಿಗೆ ಬಂದೆವು. ಒಬ್ಬಟ್ಟು ತಿಂದೆವು, ಹೊಸ ಬಟ್ಟೆ ಹಾಕಿದೆವು. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಕ್ಕ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ಹಬ್ಬದ ಲಂಗ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವ್ವ ಅವಳ ಹಣೆಗೆ ಕುಂಕುಮವಿಟ್ಟು, ಮಿಕ್ಕಿದ್ದ ಒಬ್ಬಟ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಅಕ್ಕ ಪರೀಕ್ಷೆ ಬರೆಯುವಷ್ಟು ಹೊತ್ತು ಅಪ್ಪನಿಗೆ ಜೊತೆಯಾಗಿರಲೆಂದು ನಾನೂ ಹೊರಟೆ.

ಆ ದಾರಿ ಈಗಲೂ ನನ್ನ ಕಣ್ಣಲ್ಲಿದೆ. ರಾತ್ರಿಯ ತಂಪು ಇನ್ನೂ ಧೂಳಿನಲ್ಲಿತ್ತು. ತೆಂಗಿನ ತೋಟಗಳ ಬೇಲಿಯುದ್ದಕ್ಕೂ ಬೇವಿನ ಘಾಟು, ಮೇಲೆಲ್ಲ ಜೇನಿನ ಗುಂಯ್‌ಗುಟ್ಟುವಿಕೆ. ಕೋಗಿಲೆಯೊಂದು ಗಂಟಲು ಕಿತ್ತುಹೋಗುವಂತೆ ಕೂಗುತ್ತಿತ್ತು. ನಾನು ಅದನ್ನು ಅಣಕಿಸುತ್ತಾ ಮುಂದೆ ಓಡುತ್ತಿದ್ದೆ. ಅಪ್ಪ ಹೆಗಲ ಮೇಲೆ ಹೊಸ ಟವಲು ಹಾಕಿಕೊಂಡು ಮದುವೆ ಮನೆಗೆ ಹೊರಟವನ ಹಾಗೆ ನಡೆಯುತ್ತಿದ್ದ. ಎದುರು ಸಿಕ್ಕವರಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದ: "ಮಗ್ಳಿಗೆ ಪರೀಕ್ಷೆ, ಗುಬ್ಬೀಲಿ."

ಅಕ್ಕ ಮಾತ್ರ ಬರಬರುತ್ತಾ ನಿಧಾನವಾದಳು. ಮಾವಿನಮರದ ಕೆಳಗೆ ಬಿದ್ದಿದ್ದ ಕಾಯಿಯೊಂದನ್ನು ಎತ್ತಿ ಕಚ್ಚಿ ನೋಡಿದಳು. ಒಳಗೆ ಓಟೆ ಬಲಿತು ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿತು. ಉಗಿದಳು. ಮುಂದೆ ಕೆರೆ ಏರಿಯ ಮೇಲೆ ಸಾಲು ಹೊಂಗೆಮರ. ಅದರ ಕೆಳಗೆ ನೆಲವೇ ಕಾಣುತ್ತಿರಲಿಲ್ಲ. ಹೂವು ಉದುರಿ ಉದುರಿ ಪುರಿ ಚೆಲ್ಲಿದ ಹಾಗಿತ್ತು. ನಾನು ಆ ಹೂವನ್ನು ಕಾಲಲ್ಲಿ ತೂರುತ್ತಾ ಕುಣಿದೆ. ಅಕ್ಕ ಬಗ್ಗಿ ಒಂದು ಹಿಡಿ ಎತ್ತಿಕೊಂಡು ನೋಡಿದಳು, ಮೇಲೆ ಮರ ನೋಡಿದಳು. ಅವಳ ಮುಖ ಬಾಡಿತು. ಹೋದ ವರ್ಷ ಪರೀಕ್ಷೆಯ ಹೊತ್ತಿಗೆ ಈ ಮರಗಳಲ್ಲಿ ಇನ್ನೂ ಚಿಗುರಿತ್ತು, ಹೂವು ಬಿಟ್ಟಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಒಂದು ಸಲ ಹೇಳಿ ನಗೆಪಾಟಲಾಗಿದ್ದವಳು ಇನ್ನೊಂದು ಸಲ ಹೇಗೆ ಹೇಳಿಯಾಳು? ಹೂವನ್ನು ಚೆಲ್ಲಿ ಓಡತೊಡಗಿದಳು. "ಏಯ್, ಹೊತ್ತೈತೆ ಕಣೇ, ಯಾಕಂಗೆ ಓಡ್ತೀಯ?" ಅಂತ ಅಪ್ಪ ಹಿಂದಿನಿಂದ ಕೂಗಿದ.

ಶಾಲೆಯ ಅಂಗಳದಲ್ಲಿ ಒಂದು ಮಗುವೂ ಇರಲಿಲ್ಲ. ಏಳನೇ ಕ್ಲಾಸಿನ ಕೋಣೆಯಲ್ಲಿ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಗೋಡೆಗೆ ಬಳಿದ ಸುಣ್ಣ ಇನ್ನೂ ಹಸಿಯಾಗಿತ್ತು. ಜವಾನ ಬಕೆಟ್ ಹಿಡಿದು ಹೊರಗೆ ಬಂದ.

"ಮಗ್ಳಿಗೆ ಪರೀಕ್ಷೆ ಐತೆ ಸ್ವಾಮಿ, ಏಳ್ನೇದು" ಅಂದ ಅಪ್ಪ.

"ಯಾವ ಪರೀಕ್ಷೆನಯ್ಯ? ಮುಗ್ದು ಎರಡು ವಾರ ಆಯ್ತಲ್ಲ!"

ಅಪ್ಪ ನಕ್ಕುಬಿಟ್ಟ. ಜವಾನನೇ ತಪ್ಪು ತಿಳಿದಿದ್ದಾನೆ ಅಂದುಕೊಂಡ. "ಇಲ್ಲ ಸ್ವಾಮಿ, ಹಬ್ಬ ಆಗಿ ಇವತ್ತೇ ಮೊದಲ್ನೇ ಸೋಮ್ವಾರ" ಅಂತ ಅವನಿಗೆ ತಿಳಿಹೇಳಿದ.

"ನಿನ್ನ ಹಬ್ಬ ಕೇಳ್ಕಂಡು ಸರ್ಕಾರ ಪರೀಕ್ಷೆ ಮಾಡ್ತದಾ? ಹೋಗಯ್ಯ."

ಒಳಗಿದ್ದ ಮೇಷ್ಟ್ರು ಮಾತು ಕೇಳಿ ಬಂದರು. ಅಕ್ಕನನ್ನು ನೋಡಿ ಕಂಬ ಹಿಡಿದು ನಿಂತರು. "ಈ ವರ್ಷ ಅಧಿಕ ಮಾಸ ಬಂದಿತ್ತಲ್ಲಯ್ಯ. ಹಬ್ಬ ಮುಂದಕ್ಕೆ ಹೋಯ್ತು. ಪರೀಕ್ಷೆ ಹೋಗುತ್ತಾ? ಅದು ಇಂಗ್ಲಿಷ್ ತಾರೀಖು. ಮೂರು ದಿನ ಇವಳ ಜಾಗ ಖಾಲಿ ಇತ್ತು" ಅಂದರು. ಅಧಿಕ ಮಾಸ ಬಂದಿದ್ದು ಅಪ್ಪನಿಗೂ ಗೊತ್ತಿತ್ತು. ಅದರಲ್ಲಿ ಮದುವೆ ಮಾಡಬಾರದು ಅನ್ನುವುದು ಗೊತ್ತಿತ್ತು. ಪರೀಕ್ಷೆಗೆ ಅದು ಲೆಕ್ಕಕ್ಕಿಲ್ಲ ಅನ್ನುವುದು ಗೊತ್ತಿರಲಿಲ್ಲ.

ಮಕ್ಕಳೇ, ನಿಮಗೆ ಬಿಡಿಸಿ ಹೇಳುತ್ತೇನೆ. ಯುಗಾದಿ ಚಂದ್ರನ ಲೆಕ್ಕದ್ದು. ಕೆಲವು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರಿ ಹಬ್ಬ ತಡವಾಗುತ್ತದೆ. ಮರಗಳು ಬಿಸಿಲಿನ ಲೆಕ್ಕದಲ್ಲಿ ಚಿಗುರುತ್ತವೆ. ಇಂಗ್ಲಿಷ್ ತಾರೀಖೂ ಸೂರ್ಯನದೇ ಲೆಕ್ಕ. ಮೊಗ್ಗು ನೋಡಿ ಪರೀಕ್ಷೆ ಬಂತು ಎಂದ ಅಕ್ಕ ಸರಿಯಾಗಿ ಹೇಳಿದ್ದಳು. ಅಷ್ಟು ಜನರಲ್ಲಿ ಅವಳೊಬ್ಬಳೇ ಸರಿಯಾಗಿ ಹೇಳಿದ್ದು.

ವಾಪಸು ಬರುವಾಗ ಬಿಸಿಲು ಏರಿತ್ತು. ಕೆರೆ ಏರಿಯ ಮೇಲೆ ಅಕ್ಕ ನಿಂತಳು. ಅಳುತ್ತಿರಲಿಲ್ಲ. "ನಾನ್ ಹೇಳ್ದೆ ಅಲ್ವೇನಪ್ಪೋ" ಅಂದಳು, ಅಷ್ಟೇ. ಅಪ್ಪ ಹಾಗೆಯೇ ಹೂವಿನ ಮೇಲೆ ಕುಸಿದು ಕೂತ. ಹೊಸ ಟವಲನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಏಳಲಿಲ್ಲ. ನನಗೆ ಹಸಿವಾಗಿ ಒಬ್ಬಟ್ಟು ಕೇಳಿದೆ. ಅಕ್ಕ ಗಂಟು ಬಿಚ್ಚಿ ಪೂರ್ತಿ ನನಗೇ ಕೊಟ್ಟಳು.

ಮುಂದಿನ ವರ್ಷ ಪರೀಕ್ಷೆಗೆ ಕಟ್ಟಿಸು ಅಂತ ಮೇಷ್ಟ್ರು ಹೇಳಿದ್ದರು. ಮುಂದಿನ ವರ್ಷವೂ ಹುಣಸೆ ಬಿಟ್ಟಿತು. ಜೊತೆಗೆ ಅಕ್ಕನಿಗೆ ಕುಣಿಗಲ್ ಕಡೆಯಿಂದ ಗಂಡೂ ಬಂತು. ನನ್ನನ್ನು ಮಾತ್ರ ಅಪ್ಪ ಮತ್ತೆಂದೂ ತೋಪಿಗೆ ಕರೆದೊಯ್ಯಲಿಲ್ಲ. ಕ್ಯಾತ್ಸಂದ್ರದ ಹಾಸ್ಟೆಲಿಗೆ ಬಿಟ್ಟ. ಪ್ರತಿ ಪರೀಕ್ಷೆಗೂ ಒಂದು ದಿನ ಮೊದಲೇ ಬಂದು, ತಾರೀಖನ್ನು ಮೂರು ಜನರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದ. ನಾನು ಬಿ.ಎ. ಪಾಸು ಮಾಡಿದೆ, ನಮ್ಮ ವಂಶದಲ್ಲೇ ಮೊದಲನೆಯವನು. ಎದೆ ತಟ್ಟಿ ಹೇಳಿಕೊಳ್ಳುತ್ತೇನೆ. ಅದನ್ನು ಯಾರೂ ಪುಕ್ಕಟೆ ಕೊಡಲಿಲ್ಲ. ಆದರೆ ಮೊದಲನೆಯವಳು ಆಗಬೇಕಾಗಿದ್ದವಳು ಅವಳು.

ಹಿಂದಿನ ಕಾಲವೇ ಚೆನ್ನಾಗಿತ್ತು ಅನ್ನುವ ಮುದುಕರ ಮಾತು ನಂಬಬೇಡಿ. ಈಗ ಮರಳೂರಿನ ನಮ್ಮ ಮನೆಯಲ್ಲಿ ಮೊಮ್ಮಕ್ಕಳ ಪರೀಕ್ಷೆಯ ದಿನ ಫೋನಿಗೇ ಬರುತ್ತದೆ, ಹಿಂದಿನ ದಿನ ಮತ್ತೊಮ್ಮೆ ನೆನಪಿಸುತ್ತದೆ. ನನಗೆ ಅದು ಸಂತೋಷವೇ. ಹೋದ ತಿಂಗಳು ಅಕ್ಕ ಬಂದಿದ್ದಾಗ ಮೊಮ್ಮಗಳು ಶಾಲೆಯಲ್ಲಿ ಬರೆದ ಪ್ರಬಂಧ ಓದಿ ಹೇಳಿದಳು. ವಿಷಯ ವಸಂತ ಋತು. ಹತ್ತಕ್ಕೆ ಹತ್ತು ಬಂದಿತ್ತು.

"ಯಾವ ಮರ ನೋಡಿ ಬರೆದ್ಯವ್ವ?" ಅಂತ ಅಕ್ಕ ಕೇಳಿದಳು.

"ಮರ ಯಾಕಜ್ಜಿ? ಎಲ್ಲಾ ಫೋನಲ್ಲೇ ಸಿಗುತ್ತೆ."

ಅಕ್ಕ ಆ ಹಾಳೆಯ ಮೇಲಿನ ಕೆಂಪು ಅಂಕಿಯನ್ನು ಬೆರಳಲ್ಲಿ ಸವರಿದಳು. "ಒಳ್ಳೇದಾಯ್ತು ಬುಡವ್ವ. ನಾನು ಮರ ನೋಡೇ ಹೇಳಿದ್ದೆ, ಸರಿಯಾಗೇ ಹೇಳಿದ್ದೆ. ನಂಗ್ಯಾರ್ ಕೊಟ್ರು ಮಾರ್ಕ್ಸು?"

ಮೊಮ್ಮಗಳು ನನ್ನ ಮುಖ ನೋಡಿದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸೋಮವಾರದ ಕಥೆ ಶುರುಮಾಡಿದೆ.