ಆಯಿ ಕೇಳಿದ ತವಾ

ನಾನು ಚಿಕ್ಕವಳಿದ್ದಾಗ ಆಳಂದದ ನಮ್ಮ ಮನೆಯಲ್ಲಿ ಹಿತ್ತಾಳೆಯದೊಂದು ದೊಡ್ಡ ಲಾಳಿಕೆ ಇತ್ತು. ದತ್ತೂರಿ ಹೂವಿನಂತೆ ಬಾಯಿ ಅರಳಿದ್ದ ಅದನ್ನು ಡಬ್ಬದ ಮೇಲಿಟ್ಟು ಅಪ್ಪ ತೊಗರಿ ಸುರಿಯುತ್ತಿದ್ದ. ಕಾಳು ಜಾರುವಾಗ ದೂರದಲ್ಲೆಲ್ಲೋ ಮಳೆ ಬಂದ ಸದ್ದಾಗುತ್ತಿತ್ತು. ನಾನು ಅದಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದೆ. ಇಂಥ ಲಾಳಿಕೆ ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲ ಎಂಬ ಜಂಬ ಬೇರೆ.

ಆ ವರ್ಷ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು: ‘ತವಾ’. ಬೆಳಗಾದರೆ ತವಾ, ಸಂಜೆಯಾದರೆ ತವಾ. ಜೀವನವೆಲ್ಲ ರೊಟ್ಟಿ ಬಡಿದವಳು, ಅದನ್ನೇ ಕನವರಿಸುತ್ತಾಳೆ ಎಂದುಕೊಂಡ ಅಕ್ಕ ಒಲೆಯ ಮೇಲಿನ ತವಾ ತೊಳೆದು ಅವಳ ಕೈಗಿಟ್ಟಳು. ಆಯಿ ಅದನ್ನು ನೂಕಿ, ಗೋಡೆಯ ಕಡೆ ಹೊರಳಿ ಅತ್ತಳು. ಬರಬರುತ್ತ ಊಟವನ್ನೂ ಬಿಟ್ಟಳು. ಅವಳಿಗೆ ಏನು ಬೇಕೆಂದು ತಿಳಿಯುವ ಮೊದಲೇ ಹೋಗಿಬಿಟ್ಟರೆ ಎಂದು ನನಗೆ ಬಹಳ ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅವ್ವನ ಹೊಲಿಗೆ ಮಷೀನು ರಿಪೇರಿ ಮಾಡಲು, ಓಣಿಯವರೆಲ್ಲ ಚಾಚಾ ಎಂದು ಕರೆಯುತ್ತಿದ್ದ ಮಿಸ್ತ್ರಿ ಬಂದರು. ಗಡಿಯಾರದಿಂದ ಹಿಡಿದು ಬೀಗದವರೆಗೆ ಅವರ ಕೈಯಲ್ಲಿ ಸರಿಯಾಗದ್ದೇ ಇರಲಿಲ್ಲ. ತೊಗರಿ ಸುರಿಯುತ್ತಿದ್ದ ಅಪ್ಪನನ್ನು ನೋಡಿ ಅವರು ಬಾಗಿಲಲ್ಲೇ ನಿಂತರು.

“ಸಾವ್ಕಾರ್ರ, ಇದೇನ್ ಮಾಡಾಕತ್ತೀರಿ? ಹಾಡೋ ಬಾಯಾಗ ತೊಗರಿ ತುಂಬಾಕತ್ತೀರಲ್ರೀ!”

“ನನಗ ತಿಳುವಳಿಕಿ ಬಂದಾಗಿಂದ ಇದು ಲಾಳಕೀನೇ ಅದ, ಚಾಚಾ,” ಅಂದ ಅಪ್ಪ.

“ಫೋನೋ ಅದರಿ ಇದು, ಗ್ರಾಮಫೋನಿನ ಬಾಯಿ. ಇದರ ಪೆಟ್ಟಗಿ ಎಲ್ಲದ?”

ಪೆಟ್ಟಿಗೆ ಆಯಿಯ ಕೋಣೆಯಲ್ಲೇ, ಹಾಸಿಗೆ ಸುರುಳಿಗಳ ಕೆಳಗಿತ್ತು. ಅದರ ಪಕ್ಕದ ತೂತನ್ನು ನಾನು ಇಲಿ ಕೊರೆದದ್ದು ಅಂದುಕೊಂಡಿದ್ದೆ. ಅದು ಚಾವಿ ತಿರುಗಿಸುವ ಜಾಗವಂತೆ. ಚಾವಿಯೂ ಒಳಗೇ ಮಲಗಿತ್ತು. ಚಾಚಾ ಧೂಳು ಊದಿ ಕೇಳಿದರು, “ತವಾ ಅದಾವೇನು?”

ಅಕ್ಕ ಓಡಿಹೋಗಿ ರೊಟ್ಟಿಯ ತವಾ ತಂದಳು. ಚಾಚಾ ಬಿದ್ದು ಬಿದ್ದು ನಕ್ಕರು. “ಇದಲ್ಲ ಬೇಟಾ. ಹಾಡು ತುಂಬಿದ ಕರೀ ತಟ್ಟಿ ಇರ್ತದ. ಹಳೇ ಮಂದಿ ಅದಕ್ಕ ತವಾ ಅಂತಿದ್ರು.”

ಅವರೊಬ್ಬರೇ ನಗುತ್ತಿದ್ದರು. ಅಪ್ಪ ಆಯಿಯ ಕಡೆ ತಿರುಗಿ, “ಆಯಿ ಇಷ್ಟ್ ದಿನ ಕೇಳಿದ್ದು ಇದನ್ನೇನು!” ಅಂದ. ನನಗೆ ಥಟ್ಟನೆ ಹೊಳೆಯಿತು. ಕರಿ ತಟ್ಟೆ! ನಡುವಿನ ತೂತಿಗೆ ಬೆರಳು ಹಾಕಿ ನಾನು ದಿನಾ ಎತ್ತುತ್ತಿದ್ದ ಹುಣಸೆಹಣ್ಣಿನ ಗಡಿಗೆಯ ಮುಚ್ಚಳ! ಓಡಿ ತಂದೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಕೂದಲೆಳೆಯಂಥ ಗೆರೆಗಳು ಸುತ್ತಿ ಸುತ್ತಿ ಎದ್ದು ಕಂಡವು.

ಚಾಚಾ ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಒಣಗಿ ಹೋಗಿದ್ದ ರಬ್ಬರಿನ ಬದಲು ಸೈಕಲ್ ಟ್ಯೂಬ್ ಕತ್ತರಿಸಿ ಕೂರಿಸಿದರು. “ಸೂಜಿ ತುಕ್ಕು ತಿಂದದ. ಹೋಗವ್ವಾ, ಗಟ್ಟಿ ನೋಡಿ ಒಂದು ಜಾಲಿ ಮುಳ್ಳು ತಾ,” ಅಂದರು. ಬೇಲಿಯಿಂದ ಮುರಿದು ತಂದ ಮುಳ್ಳನ್ನು ಸೂಜಿಯ ಜಾಗದಲ್ಲಿ ಸಿಕ್ಕಿಸಿ, ಪೆಟ್ಟಿಗೆಗೆ ಲಾಳಿಕೆ ಕೂರಿಸಿ, ಆಯಿಯ ಹಾಸಿಗೆಯ ಬಳಿ ಇಟ್ಟು, ತವಾ ಹಾಕಿ ಚಾವಿ ತಿರುಗಿಸಿದರು.

ಮೊದಲು ಬರೀ ಸರಸರ ಸದ್ದು. ಆಮೇಲೆ ಬಾವಿಯ ತಳದಿಂದ ಬಂದಂತೆ ಒಬ್ಬ ಹೆಂಗಸಿನ ದನಿ ಮೆಲ್ಲಗೆ ಮೇಲೆದ್ದಿತು. ಕಿಟಕಿಯ ಬಿಸಿಲಿನಲ್ಲಿ ತೊಗರಿಯ ಧೂಳು ತೇಲುತ್ತಿತ್ತು. ಸೀಮೆಎಣ್ಣೆಯ ವಾಸನೆ, ಹುಣಸೆಯ ವಾಸನೆ, ಆ ಹಾಡು ಎಲ್ಲವೂ ಕಲೆತು ನಮ್ಮ ಮನೆ ಬೇರೆ ಯಾರದೋ ಮನೆಯಂತೆ ಕಂಡಿತು. ಗೋಡೆ ನೋಡುತ್ತಿದ್ದ ಆಯಿ ನಿಧಾನವಾಗಿ ಈ ಕಡೆ ಹೊರಳಿದಳು. ಹಾಸಿಗೆಯ ಮೇಲೆ ಅವಳ ಬೆರಳು ತಾಳ ಹಾಕುತ್ತಿತ್ತು. ನಾನು ಕಾಣದ ಅಜ್ಜ ಅವಳಿಗೆಂದು ಹೈದರಾಬಾದಿನಿಂದ ಒಂದು ತವಾ ತಂದಿದ್ದನೆಂದು ಚಿಕ್ಕಂದಿನಲ್ಲಿ ಕೇಳಿದ್ದನ್ನು ಅಪ್ಪ ಆಗ ನೆನಪಿಸಿಕೊಂಡ.

ಹಾಡು ಮುಗಿಯಿತು. ಆಯಿಯ ತುಟಿ ಅಲುಗಿತು. “ಇನ್ನೊಮ್ಮಿ,” ಅಂದಳು.

ಅಪ್ಪ ಅವಳ ಪಾದ ಹಿಡಿದು ಚಿಕ್ಕ ಹುಡುಗನಂತೆ ಅತ್ತ. ಅಂದು ಸಂಜೆ ಆಯಿ ಒಂದು ಬಟ್ಟಲು ಅಂಬಲಿ ಕುಡಿದಳು.

ಮಕ್ಕಳೇ, ನೀವು ಫೋನಿಗೆ ಅರ್ಧ ಮಾತು ಹೇಳಿದರೂ ಅದು ಸಾವಿರ ಹಾಡು ತಂದು ಮುಂದಿಡುತ್ತದೆ. ನಮ್ಮದು ಮನೆ ತುಂಬ ಜನ. ಆದರೂ ಒಂದು ಮಾತು ತಿಳಿಯಲು ನಮಗೆ ಅಷ್ಟು ದಿನ ಬೇಕಾಯಿತು. ಈಗ ನಾನೂ ಆಯಿಯ ವಯಸ್ಸಿಗೆ ಬಂದಿದ್ದೇನೆ. ಮುಂದೆಂದೋ ನಾನು ತವಾ ತವಾ ಎಂದು ಹಟ ಹಿಡಿದರೆ, ಅಡುಗೆಮನೆಗೆ ಓಡಬೇಡಿ. ಹತ್ತಿರ ಕೂತು, ಯಾವ ತವಾ ಎಂದು ಕೇಳಿರಿ.