ಹಿನ್ನೀರಿನ ಮೇಲೆ ನಮ್ಮ ಟಂಟಂ

ನನ್ನ ಗಂಡನಿಗೆ ಒಬ್ಬರೇ ಎಲ್ಲಿಗೂ ಹೋಗಿ ಗೊತ್ತಿಲ್ಲ. ಕ್ಷೌರಕ್ಕೆ ಹೊರಟರೂ ಕಟ್ಟೆಯ ಮೇಲೆ ಕೂತ ಇಬ್ಬರನ್ನು ಎಬ್ಬಿಸಿಕೊಂಡೇ ಹೋಗುತ್ತಾರೆ. ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿ ನಡೆಸಿದ ಮನುಷ್ಯ. ಕಂಡವರನ್ನೆಲ್ಲ 'ಬರ್ರಿ, ಕುಂದರ್ರಿ' ಎಂದು ಗಾದಿಯ ಮೇಲೆ ಕೂಡಿಸುವುದು ಮೈಗೆ ಹತ್ತಿದ ಚಾಳಿ. ಮದುವೆಯಾದ ಹೊಸತರಲ್ಲಿ ನನಗೆ ಗೋಳಗುಮ್ಮಟ ತೋರಿಸಲು ಕರೆದೊಯ್ದರು, ಒಂದು ಟೆಂಪೋ ತುಂಬ ಬಂಧುಗಳ ಸಮೇತ. ಗುಮ್ಮಟದ ಒಳಸುತ್ತಿನಲ್ಲಿ ಈ ಕಡೆಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ನಿಂತವರಿಗೆ ಕೇಳುತ್ತದೆ. ಇವರು ಆ ಕಡೆ ಗೋಡೆಗೆ ಬಾಯಿಟ್ಟದ್ದು ಕಂಡು, ಹೊಸ ಮದುಮಗಳು ನಾನು, ಎದೆ ಹಿಡಿದುಕೊಂಡು ಕಿವಿಯಿಟ್ಟೆ. 'ಬುತ್ತಿಗಂಟು ಯಾರ ಹತ್ರ ಐತಿ?' ಎಂದು ಕೇಳಿಸಿತು. ಗಂಟು ನನ್ನ ಹತ್ತಿರವೇ ಇತ್ತು.

ಅಂಗಡಿ ಮಗನ ಕೈಗೆ ಹೋದ ಮೇಲೆ ಇವರಿಗೆ ಕೂಡಿಸಲು ಗಾದಿ ಇಲ್ಲದಂತಾಯಿತು. ಅದೇ ಹೊತ್ತಿಗೆ ನಮ್ಮ ದೂರದ ಬಂಧುವೊಬ್ಬರು ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ರೆಸಾರ್ಟ್ ಕಟ್ಟುತ್ತೇನೆಂದು ಹೊರಟು, ರೆಸಾರ್ಟಿಗೆ ಮೊದಲೇ ಮೋಟಾರ್ ಬೋಟ್ ಕೊಂಡು, ಬೋಟಿನ ನಂತರ ಹುಮ್ಮಸ್ಸು ಕಳೆದುಕೊಂಡು ಕೂತಿದ್ದರು. ಬೋಟು ನಮ್ಮ ಪಾಲಿಗೆ ಬಂತು. ನಿಡಗುಂದಿಯಿಂದ ಆಚೆ, ದಂಡೆಯ ಮೇಲಿನ ಪರಿಚಯದವರ ಹೊಲದ ಬದುವಿನಲ್ಲಿ ಅದನ್ನು ಕಟ್ಟಿಹಾಕಿದೆವು.

ಹೊಸ ಗಾಡಿಗೆ ಪೂಜೆ ಆಗಲೇಬೇಕಲ್ಲ. ಇಂಡಿ ಊರಿನ ನಿಂಬೆಹಣ್ಣು ತಂದರು. ಗಾಲಿಯ ಕೆಳಗೆ ಇಟ್ಟು ಹಾಯಿಸಬೇಕು, ಬೋಟಿಗೆ ಗಾಲಿ ಎಲ್ಲಿ? ನೆರೆದವರೆಲ್ಲ ದೀರ್ಘ ಚರ್ಚೆ ಮಾಡಿ ಹಣ್ಣುಗಳನ್ನು ನೀರಿನ ಮೇಲೆ ತೇಲಿಬಿಟ್ಟರು. ಇವರು ಅವುಗಳ ಮೇಲೆ ಬೋಟು ಹಾಯಿಸಿದರು. ಹಣ್ಣುಗಳು ಅತ್ತಿತ್ತ ಸರಿದು ದಾರಿ ಕೊಟ್ಟು, ಒಂದಿಷ್ಟೂ ಗಾಯವಿಲ್ಲದೆ ಹಿಂದೆ ಮೇಲೆದ್ದವು. ಶುಭ ಶಕುನವೋ ಅಪಶಕುನವೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಆಮೇಲೆ ಟ್ರ್ಯಾಕ್ಟರಿನ ಹಾರ್ನ್ ಒಂದನ್ನು ತಂದು ಕೂಡಿಸಿದರು. ಚಳಿಗಾಲಕ್ಕೆ ಎಲ್ಲಿಂದಲೋ ಹಾರಿಬಂದ ರಾಜಹಂಸಗಳಿಗೆ ಆ ಹಾರ್ನ್ ಬಾರಿಸಿ ಬದಿಗೆ ಸರಿಯಿರೆಂದು ಹೇಳುತ್ತಿದ್ದರು.

ನನಗೆ ಆ ಬೋಟಿನಿಂದ ಬೇಕಾದದ್ದು ಒಂದೇ. ಹಗಲು ಹೊತ್ತಿನಲ್ಲಿ, ಮೂರನೆಯವರಿಲ್ಲದೆ, ಗಂಡನ ಎದುರು ಕೂತು ಒಂದು ದಿನ ಕಳೆಯಬೇಕು. ತುಂಬಿದ ಮನೆಗೆ ಸೊಸೆಯಾಗಿ ಬಂದು ಅತ್ತೆ, ನಾದಿನಿ, ಮಕ್ಕಳು, ಗಿರಾಕಿ ಎಂದು ಇಷ್ಟು ವರ್ಷ ಕಳೆದ ನನಗೆ ಇದು ದೊಡ್ಡ ಆಸೆ. ಬಾಯಿಬಿಟ್ಟು ಕೇಳಲು ನಾಚಿಕೆಯೂ ಆಯಿತು. ಆದರೂ ಕೇಳಿದೆ.

"ಆತು, ನಡಿ. ಯಾರನ್ನೂ ಹತ್ತಿಸ್ಕೊಳ್ಳಂಗಿಲ್ಲ, ದೇವರಾಣಿ," ಅಂದರು.

ಕಳೆದ ಚಳಿಗಾಲದಲ್ಲಿ ನೀರು ತುಂಬಿ ನಿಂತಾಗ ಹೊರಟೆವು. ನಾನು ರೊಟ್ಟಿ, ಬದನೆಕಾಯಿಯ ಎಣಗಾಯಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡಿದ್ದೆ. ಇಬ್ಬರಿಗೇ ಅಳತೆ ಮಾಡಿ ಹಿಟ್ಟು ನಾದಿದ್ದು ಜೀವನದಲ್ಲಿ ಅದೇ ಮೊದಲು, ಕೈಗೆ ಅಂದಾಜೇ ಹತ್ತಲಿಲ್ಲ. ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು ರಾಣಿಯಂತೆ ಮುಂದೆ ಕೂತೆ. ಸೂರ್ಯ ಆಗತಾನೇ ಮೇಲೆ ಬಂದಿದ್ದ. ನೀರಿನ ಮೇಲೆ ತಣ್ಣನೆ ಗಾಳಿ ಇತ್ತು. ನಿಜ ಹೇಳುತ್ತೇನೆ, ಬಹಳ ಖುಷಿಯಾಗಿದ್ದೆ.

ಆ ಖುಷಿ ಮೊದಲ ತಿರುವಿನವರೆಗೆ ಬಾಳಿತು. ದಂಡೆಯ ಮೇಲೆ ಒಬ್ಬ ಮೇವಿನ ಹೊರೆ ಹೊತ್ತು ನಿಂತು, ಬಸ್ಸಿಗೆ ಮಾಡುವ ಹಾಗೆ ಕೈ ಮಾಡಿದ.

"ಸಾವಕಾರ್ರ, ಆ ದಂಡಿಗಿ ಹೊಂಟೀರೇನ್ರಿ?"

ನಾವು ಯಾವ ದಂಡೆಗೂ ಹೊರಟಿರಲಿಲ್ಲ. ಆದರೆ ಇವರ ಕೈ ತಾನೇ ತಿರುಗಿತು. "ಪಾಪ, ರಸ್ತಾ ಹಿಡದು ಸುತ್ತಿ ಹೋಗಾಕ ಅರ್ಧಾ ದಿನ ಹೋಗ್ತೈತಿ ಅವಂಗ," ಎಂದು ನನ್ನ ಮುಖ ನೋಡದೆ ಹೇಳಿದರು. ದೇವರ ಆಣೆ ಹಾಕಿದವರು ದೇವರಿಗೇ ಉತ್ತರ ಕೊಟ್ಟುಕೊಳ್ಳಲಿ ಎಂದು ನಾನು ಬುತ್ತಿಗಂಟನ್ನು ಮಡಿಲಿಗೆ ಎಳೆದುಕೊಂಡು ಜಾಗ ಬಿಟ್ಟೆ. ಹೊರೆಯ ಹಿಂದೆ ಗಂಡ ಕಾಣದಾದರು.

ಆ ದಂಡೆಯಲ್ಲಿ ಅವನು ಇಳಿಯುವಷ್ಟರಲ್ಲಿ ಒಬ್ಬ ಮುದುಕಿ ಆಡು ಹಿಡಿದುಕೊಂಡು ಕಾದಿದ್ದಳು. ಮಗಳ ಊರು ಈ ಕಡೆ, ಅಂದರೆ ನಾವು ಬಂದ ಕಡೆ. "ಅಂಜಬ್ಯಾಡ್ರಿ ಅವ್ವಾರ, ಇದು ಭಾಳ ಸಂಭಾವಿತ ಆಡು," ಎಂದು ನನಗೆ ಅಭಯ ಕೊಟ್ಟಳು. ಸಂಭಾವಿತ ಆಡು ನನ್ನ ಮಡಿಲಿಗೆ ಮುಖವಿಟ್ಟು ಬುತ್ತಿಯ ಬಟ್ಟೆ ಬಿಚ್ಚಿ ಎರಡು ರೊಟ್ಟಿ ತಿಂದಿತು. ಮುದುಕಿ ಮಗಳ ಅತ್ತೆಯ ಗುಣಗಾನ ಮಾಡುತ್ತ ನಡುನಡುವೆ ಅದರ ಬೆನ್ನು ಸವರುತ್ತಿದ್ದಳು. ಇವರೋ, ಹಾರ್ನ್ ಬಾರಿಸುತ್ತ, ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ಸೀಟು ತುಂಬಿಸಿ ಟಂಟಂ ಆಟೋ ಹೊಡೆಯುವವರಿಗಿಂತ ಹುರುಪಿನಲ್ಲಿದ್ದರು. ವ್ಯತ್ಯಾಸ ಇಷ್ಟೇ, ಟಂಟಂದವರು ದುಡ್ಡು ಕೇಳುತ್ತಾರೆ, ಇವರು ಇಳಿಯುವವರಿಗೆ 'ಮತ್ತ ಬರ್ರಿ' ಅನ್ನುತ್ತಿದ್ದರು.

ಮುದುಕಿಯನ್ನು ಇಳಿಸಿದ ಮೇಲೂ ನಾನು ತಾಳಿಕೊಂಡೆ. ಆದರೆ ಮುಂದಿನ ಬಂಡೆಯ ಹತ್ತಿರ ಯಾರು ನಿಂತಿದ್ದರು ಅಂತೀರಿ? ಸಿಂದಗಿಯಿಂದ ಬಂದ ಇವರ ಹಳೆಯ ಗೆಳೆಯ, ಹತ್ತಿಯ ವ್ಯಾಪಾರಿ, ಕೈಯಲ್ಲಿ ಬಾಳೆಹಣ್ಣಿನ ಗೊನೆ. ನಿರ್ಜನವಾದ ಬಂಡೆ ಅದು. ಅಲ್ಲಿ ಯಾರೂ ಅಕಸ್ಮಾತ್ ನಿಲ್ಲುವುದಿಲ್ಲ.

"ವೈನೀ, ಇವ ನಿನ್ನೇನ ಫೋನ್ ಮಾಡಿದ್ದ. ನಿಮ್ಮ ಕೈಯ ಎಣಗಾಯಿ ಐತಿ ಅಂದ, ಓಡಿ ಬಂದೆ," ಎಂದು ಆ ಪುಣ್ಯಾತ್ಮ ನಮ್ಮಿಬ್ಬರ ನಡುವೆ ಕೂತರು. ಎಣಗಾಯಿಯ ಜೊತೆ ಹತ್ತಿಯ ದರ, ಕಬ್ಬಿನ ಬಿಲ್ಲು, ತಮ್ಮ ಮೂಲವ್ಯಾಧಿ, ಎಲ್ಲವನ್ನೂ ಬಡಿಸಿಕೊಂಡು ತಿಂದರು. ಇಳಿಯುವಾಗ, "ನಿಮ್ಮಿಬ್ರ ನಡುವ ನಾ ಅಡ್ಡ ಬಂದೆನೇನ?" ಎಂದು ಕೇಳಿ ತಾವೇ ಜೋರಾಗಿ ನಕ್ಕರು. ಇವರೂ ನಕ್ಕರು.

ಬೋಟು ಮತ್ತೆ ನಡುನೀರಿಗೆ ಬಂದಾಗ ನನ್ನ ನೆತ್ತಿ ಕಾದಿತ್ತು. ಎಂಜಿನ್ನಿಗೆ ಒಂದು ಕೆಂಪು ಹುರಿ ಸಿಕ್ಕಿಸಿರುತ್ತದೆ. ಓಡಿಸುವವರು ಅದರ ತುದಿಯನ್ನು ಮುಂಗೈಗೆ ಕಟ್ಟಿಕೊಳ್ಳಬೇಕು, ಅವರು ನೀರಿಗೆ ಬಿದ್ದರೆ ಹುರಿ ಕಿತ್ತು ಎಂಜಿನ್ ತಾನೇ ನಿಲ್ಲಲಿ ಎಂದು. ಇವರು ಎಂದೂ ಕಟ್ಟಿಕೊಂಡವರಲ್ಲ. ನಾನು ಎದ್ದು ಹೋಗಿ ಹುರಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂತೆ. ಎಂಜಿನ್ ನಿಂತಿತು.

"ಏ, ಏನ್ ಮಾಡಿದಿ?"

"ಸುಮ್ಮ ಕುಂದರ್ರಿ," ಅಂದೆ.

ಕೂತರು. ಅಷ್ಟು ದೊಡ್ಡ ನೀರಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನೂ ನಿರೀಕ್ಷಿಸಿರಲಿಲ್ಲ. ಇವರು ಆಕಾಶ ನೋಡಿದರು, ದಂಡೆ ನೋಡಿದರು, ತಮ್ಮ ಕಾಲಿನ ಉಗುರು ನೋಡಿದರು.

"ಈ ವರ್ಷ ನೀರ ಭಾಳ ಐತಿ."

"ಐತ್ರಿ."

"ಗಾಳಿನೂ ಐತಿ."

"ಹೌದ್ರಿ."

ಅಲ್ಲಿಗೆ ಸಾಮಾನು ಮುಗಿಯಿತು. ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ನನ್ನ ಹತ್ತಿರ ಇದ್ದವಲ್ಲ, ಅವುಗಳಲ್ಲಿ ಒಂದನ್ನು ತೆಗೆಯೋಣವೆಂದು ಬಾಯಿ ತೆರೆದೆ. "ಗ್ಯಾಸ್ ಮುಗ್ಯಾಕ ಬಂದೈತಿ," ಎಂದು ಹೊರಬಂತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಇವರು ತಲೆ ಎತ್ತಲಿಲ್ಲ. "ಈ ಸಪ್ಪಳ ನಿಂತ್ರ ನನಗ ಅಂಜಿಕಿ ಬರ್ತೈತಿ ನೋಡು," ಅಂದರು.

"ಎದಕ್ಕ್ರಿ? ನೀರಿಗೇನು?"

"ನೀರಿಗಲ್ಲ. ನಿನ್ನ ಮುಂದ ಒಬ್ಬನ ಕುಂತ್ರ ಏನ್ ಮಾತಾಡಬೇಕು ಗೊತ್ತಾಗಂಗಿಲ್ಲ. ಗಿರಾಕಿ ಆದ್ರ ಮಾತಾಡಾಕ ಬರ್ತೈತಿ. ನಿನಗ ಏನ್ ಮಾರ್ಲಿ?"

ನಾನು ನಗಬೇಕಿತ್ತು, ಆಗಲಿಲ್ಲ. ಈ ಮನುಷ್ಯನಿಗೆ ನಾನು ಬೇಡವಾಗಿದ್ದೇನೆ, ಅದಕ್ಕೇ ಊರನ್ನೆಲ್ಲ ನಡುವೆ ತಂದು ಕೂಡಿಸುತ್ತಾನೆ ಎಂದು ಎಷ್ಟು ಸಲ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಅಂಜಿಕೆ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಸಂಕಟವಾಯಿತು.

ಅಷ್ಟರಲ್ಲಿ ಮೀನು ಹಿಡಿಯುವವನೊಬ್ಬ ತನ್ನ ತೆಪ್ಪ ನಡೆಸಿಕೊಂಡು ಹತ್ತಿರ ಬಂದ.

"ಕಾಕಾರ, ಬಂದ್ ಬಿದ್ದೈತೇನ್ರಿ? ದಂಡಿಗಿ ಎಳಕೊಂಡು ಹೋಗ್ಲೇನ್ರಿ?"

ಇವರ ಮುಖ ಅರಳಿತು. ಕೈ ಅರ್ಧ ಮೇಲೆದ್ದಿತು. 'ಬಾರಪಾ, ಕುಂದರು' ಎಂಬುದು ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು. ನನ್ನ ಕಡೆ ನೋಡಿದರು. ನಾನು ಸೊಂಟದ ಹುರಿಯನ್ನು ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡೆ.

"ಬಂದ್ ಬಿದ್ದಿಲ್ಲಪಾ, ನಾವ ಬಂದ್ ಮಾಡೇವಿ," ಅಂದರು. "ನೀ ಹೋಗು."

ಯಾರಿಗಾದರೂ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತೆಪ್ಪದವನು ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ ಹುಟ್ಟು ಹಾಕುತ್ತ ಹೊರಟುಹೋದ. ಅವನು ದೂರವಾಗುವವರೆಗೂ ಇವರು ಆಸೆಗಣ್ಣಿನಿಂದ ಅತ್ತಲೇ ನೋಡುತ್ತಿದ್ದರು. ಆಮೇಲೆ ಎದ್ದು, ಬೋಟು ಓಲಾಡುತ್ತಿದ್ದರೂ ಅಂಚು ಹಿಡಿದುಕೊಂಡು ಬಂದು ನನ್ನ ಎದುರಿಗೆ ಕೂತರು.

"ಹಂ, ಹೇಳು," ಅಂದರು.

"ಏನ್ ಹೇಳ್ಲ್ರಿ?"

"ಏನರ ಹೇಳು. ಗ್ಯಾಸಿನ ಸುದ್ದೀನ ಹೇಳು."